ಹೋತನ ಹೆಸರಿನ ಬಾರು, ಪತ್ರಕರ್ತರ ಕಾರುಬಾರು

ಪತ್ರಿಕಾ ಕಚೇರಿ ಜಾಗ ಖಾಲಿ ಮಾಡಿ ಹೋದರೆ ಮೊದಲು ಯಾರಿಗೆ ಗೊತ್ತಾಗುತ್ತದೆ? ಓದುಗನಿಗಲ್ಲ ಬಿಡಿ. ಅವನ ಬಾಗಿಲಿಗೆ ಪೇಪರು ಎಂದಿನಂತೆ ಬಂದು ಬೀಳುತ್ತದೆ. ಮೊದಲು ಗೊತ್ತಾಗುವುದು ಕಚೇರಿ ಎದುರಿನ ಹೋಟೆಲಿನವನಿಗೆ, ಪಕ್ಕದ ಬೀಡಾ ಅಂಗಡಿಯವನಿಗೆ. ರಾತ್ರಿ ಪಾಳಿಯವರ ಬೈ-ಟೂ ಟೀ ನಿಂತಿತು. ಮೆಷಿನ್ ಹುಡುಗರ ಸಿಗರೇಟು ನಿಂತಿತು. ಬಾಗಿಲು ಎಳೆಯುವ ಹೊತ್ತಿಗೆ ಬಂದು, ‘ಏನಾದರೂ ಉಳಿದಿದೆಯಾ ಭಟ್ಟರೇ’ ಅಂತ ಅಡಿಗೆಮನೆಗೆ ಇಣುಕುತ್ತಿದ್ದ ಉಪಸಂಪಾದಕನ ಪತ್ತೆಯಿಲ್ಲ. ಗಲ್ಲಾಪೆಟ್ಟಿಗೆಗೆ ತಿಳಿಯುವ ಇಂಥ ಸುದ್ದಿ ಯಾವ ಪೇಪರಿನಲ್ಲೂ ಅಚ್ಚಾಗುವುದಿಲ್ಲ.

ಅಮೆರಿಕದ ಚಿಕಾಗೋ ನಗರದಲ್ಲಿ ಒಂದು ಬಾರು ಈ ಸುದ್ದಿಯನ್ನು ಒಂದು ಸಲವಲ್ಲ, ಹಲವು ಸಲ ಅನುಭವಿಸಿದೆ. ಹೆಸರು ಬಿಲ್ಲಿ ಗೋಟ್ ಟ್ಯಾವರ್ನ್. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಹೋತನ ಬಾರು’. ಅದರ ಸುತ್ತ ಮೂರು ದೊಡ್ಡ ಪತ್ರಿಕೆಗಳಿದ್ದವು. ಒಂದು ಮುಚ್ಚಿತು. ಎರಡು ಜಾಗ ಬಿಟ್ಟು ಹೋದವು. ಬಾರು ಮಾತ್ರ ಅಲ್ಲೇ ಕೂತಿದೆ.

ಚಿಕಾಗೋ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ವಿವೇಕಾನಂದರು. 1893ರಲ್ಲಿ ಅವರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ ಕಟ್ಟಡ ಮಿಷಿಗನ್ ಅವೆನ್ಯೂ ಎಂಬ ದೊಡ್ಡ ಬೀದಿಯಲ್ಲಿದೆ. ಈಗ ಅದು ಕಲಾ ಸಂಗ್ರಹಾಲಯ. ಅಲ್ಲಿಂದ ಅದೇ ಬೀದಿ ಹಿಡಿದು ಉತ್ತರಕ್ಕೆ ಒಂದು ಕಿಲೋಮೀಟರು ಚಿಲ್ಲರೆ ನಡೆದು ನದಿಯ ಸೇತುವೆ ದಾಟಿದರೆ ಈ ಬಾರು. ಸ್ವಾಮೀಜಿ ಹೆಸರು ಹೇಳಿ ಬಾರಿಗೆ ಕರಕೊಂಡು ಹೋದರು ಅಂತ ಯಾರೂ ಮುನಿಯಬೇಡಿ. ರಸ್ತೆ ಒಂದೇ, ಏನು ಮಾಡೋದು?

ರಸ್ತೆಯ ಕೆಳಗೊಂದು ರಸ್ತೆ

ಸೇತುವೆ ದಾಟಿದರೂ ಬಾರು ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಅದು ನೆಲಮಟ್ಟದಲ್ಲಿ ಇಲ್ಲ. ಮಿಷಿಗನ್ ಅವೆನ್ಯೂ ಅಲ್ಲಿ ಎರಡು ಅಂತಸ್ತಿನ ರಸ್ತೆ. ಮೇಲೆ ಥಳಥಳ ಅಂಗಡಿಗಳು, ಕಾರುಗಳು, ಸೂಟುಬೂಟಿನ ಜನ. ಕೆಳಗೆ ಇನ್ನೊಂದು ರಸ್ತೆ. ಸರಕಿನ ಲಾರಿಗಳು, ಕಸದ ಡಬ್ಬಿಗಳು, ಹಗಲೂ ಉರಿಯುವ ದೀಪಗಳು. ಮೇಲಿನ ಫುಟ್‌ಪಾತಿನಿಂದ ಮೆಟ್ಟಿಲು ಇಳಿದು ಆ ಕತ್ತಲೆಗೆ ಹೋದರೆ ಬಾರಿನ ಬಾಗಿಲು. ಮೇಲಿರುವ ಕಟ್ಟಡ ಅಮೆರಿಕದ ಮನೆ-ನಿವೇಶನ ದಲ್ಲಾಳಿಗಳ ಸಂಘದ್ದು. ಈ ಕಥೆಗೆ ಅದು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಬಾರು ಇಲ್ಲಿಗೆ ಬಂದದ್ದು 1964ರಲ್ಲಿ. ಜಾಗ ಕತ್ತಲೆಯದಾದರೂ ವ್ಯಾಪಾರಿಯ ಲೆಕ್ಕ ತಪ್ಪಿರಲಿಲ್ಲ. ಒಂದು ಕಡೆ ‘ಚಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ಗೋಪುರ. 1925ರಲ್ಲಿ ಕಟ್ಟಿದ್ದು, ದೇವಸ್ಥಾನದ ಹಾಗೆ ಕೆತ್ತನೆ. ಇನ್ನೊಂದು ಕಡೆ ನದಿಯ ದಂಡೆಯಲ್ಲಿ ‘ಸನ್-ಟೈಮ್ಸ್’ ಮತ್ತು ‘ಡೈಲಿ ನ್ಯೂಸ್’ ಎರಡೂ ಇದ್ದ ಕಟ್ಟಡ. ಅದರೊಳಗಿನ ನಡುವಂಗಳದಲ್ಲಿ ನಿಂತರೆ ಗಾಜಿನಾಚೆ ಮುದ್ರಣ ಯಂತ್ರಗಳು ಓಡುವುದು ಕಾಣುತ್ತಿತ್ತಂತೆ. ಮೂರು ಪತ್ರಿಕೆ ಅಂದರೆ ಎಷ್ಟು ಪಾಳಿ, ಎಷ್ಟು ಬಾಯಾರಿಕೆ ಲೆಕ್ಕ ಹಾಕಿ! ವರದಿಗಾರರು, ಮೊಳೆ ಜೋಡಿಸುವವರು, ಮಷಿ ಮೆತ್ತಿದ ಮೆಷಿನ್‌ಮನ್‌ಗಳು, ಪೇಪರು ಸಾಗಿಸುವ ಲಾರಿಯ ಡ್ರೈವರುಗಳು, ಎಲ್ಲರೂ ಇಳಿಯುವುದು ಅದೇ ಮೆಟ್ಟಿಲು.

ದೊಡ್ಡ ಪಗಾರದ ಸಂಪಾದಕರಿಗೆ, ಜಾಹೀರಾತು ಕಂಪನಿಯವರಿಗೆ ಹತ್ತಿರದಲ್ಲೇ ರಿಕಾರ್ಡೋಸ್ ಎಂಬ ಇನ್ನೊಂದು ಜಾಗವಿತ್ತು. ಅಲ್ಲಿ ಗೋಡೆಗೆ ಚಿತ್ರಕಲೆ, ಮೇಜಿಗೆ ಬಿಳಿ ವಸ್ತ್ರ. ಅದು ಈಗಿಲ್ಲ. ಬಿಳಿ ವಸ್ತ್ರವಿಲ್ಲದ್ದೇ ಉಳಿಯಿತು.

ಚೆಕ್ಕು ವಾಪಸಾಯಿತು, ಹೋತ ಒಳಗೆ ಬಂತು

ಬಾರಿನ ಮೂಲಪುರುಷ ವಿಲಿಯಂ ಸಿಯಾನಿಸ್. ಗ್ರೀಸ್ ದೇಶದಿಂದ ಬರಿಗೈಯಲ್ಲಿ ಬಂದವನು. 1934ರಲ್ಲಿ ಊರಿನ ಪಶ್ಚಿಮ ಭಾಗದ ಒಂದು ಕ್ರೀಡಾಂಗಣದ ಎದುರಿಗಿದ್ದ ಬಾರನ್ನು 205 ಡಾಲರಿಗೆ ಕೊಂಡ. ಕೊಟ್ಟದ್ದು ಚೆಕ್ಕು. ಚೆಕ್ಕು ಬೌನ್ಸಾಯಿತು! ಮೊದಲ ಶನಿವಾರ-ಭಾನುವಾರದ ವ್ಯಾಪಾರದಲ್ಲೇ ದುಡ್ಡು ಹುಟ್ಟಿಸಿ ಸಾಲ ತೀರಿಸಿದ ಅಂತ ಆ ಮನೆಯವರೇ ಹೇಳಿಕೊಂಡು ಬಂದ ಕಥೆ. ಹೀಗೆ ಅಂಗಡಿ ಶುರು ಮಾಡಿದವರು ನಮ್ಮ ಪೇಟೆ ಬೀದಿಯಲ್ಲೂ ಇದ್ದಾರು, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಅಲ್ಲಿಗೆ ಒಂದು ದಿನ ಹಾದು ಹೋಗುತ್ತಿದ್ದ ಲಾರಿಯಿಂದ ಆಡಿನ ಮರಿಯೊಂದು ಬಿದ್ದು ಕುಂಟುತ್ತಾ ಒಳಗೆ ಬಂತಂತೆ. ಸಿಯಾನಿಸ್ ಅದನ್ನು ಸಾಕಿದ. ತಾನೂ ಹೋತನ ಗಡ್ಡ ಬಿಟ್ಟ. ಬಾರಿಗೆ ‘ಬಿಲ್ಲಿ ಗೋಟ್’ ಎಂದು ಹೆಸರಿಟ್ಟ. ಊರೆಲ್ಲ ಅವನನ್ನೇ ಬಿಲ್ಲಿ ಗೋಟ್ ಎಂದು ಕರೆಯತೊಡಗಿತು.

ಈ ಮನುಷ್ಯ ಸುದ್ದಿ ಎಂದರೇನು ಅಂತ ಬಲ್ಲವ. ಜಾಹೀರಾತಿಗೆ ಕಾಸು ಬಿಚ್ಚದೆ ಪೇಪರಿನಲ್ಲಿ ಹೆಸರು ಬರಿಸುವ ವಿದ್ಯೆ ಅವನಿಗೆ ಕರಗತ. 1944ರಲ್ಲಿ ರಿಪಬ್ಲಿಕನ್ ಪಕ್ಷದ ಮಹಾಧಿವೇಶನ ಅದೇ ಎದುರಿನ ಕ್ರೀಡಾಂಗಣದಲ್ಲಿ ನಡೆಯಿತು. ಬೇರೆ ಬಾರಿನವರು ಸ್ವಾಗತದ ತೋರಣ ಕಟ್ಟುತ್ತಿದ್ದರೆ ಈತ ‘ರಿಪಬ್ಲಿಕನ್ನರಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ಹಾಕಿದ. ಹಾಕಿದ್ದೇ ತಡ, ಆ ಪಕ್ಷದವರೇ ‘ನಮಗೆ ಕೊಡೋದಿಲ್ಲ ಅನ್ನೋಕೆ ಇವನಾರು’ ಅಂತ ನುಗ್ಗಿ ಬಂದು ಬಾರು ತುಂಬಿದರು. ಗಲ್ಲಾಪೆಟ್ಟಿಗೆಯೂ ತುಂಬಿತು, ಪೇಪರಿನಲ್ಲೂ ಬಂತು.

ಅದರ ಮರುವರ್ಷ ನಡೆದದ್ದು ಇನ್ನೂ ದೊಡ್ಡದು. ಅಮೆರಿಕದವರಿಗೆ ಬೇಸ್‌ಬಾಲ್ ಎಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ. ಚಿಕಾಗೋದ ತಂಡ ‘ಕಬ್ಸ್’ 1945ರಲ್ಲಿ ಅಂತಿಮ ಸರಣಿಗೆ ಬಂದಿತ್ತು. ಅಕ್ಟೋಬರ್ 6ರ ನಾಲ್ಕನೇ ಪಂದ್ಯಕ್ಕೆ ಸಿಯಾನಿಸ್ ಎರಡು ಟಿಕೆಟ್ ತೆಗೆದ: ಒಂದು ತನಗೆ, ಒಂದು ಹೋತನಿಗೆ. ನಾತ ಬರುತ್ತದೆ ಅಂತ ಹೋತನನ್ನು ಹೊರಗೆ ಕಳಿಸಿದರು. ಟಿಕೆಟ್ ಇದ್ದರೂ ಹೊರಗೆ! ಸಿಟ್ಟಿಗೆದ್ದ ಸಿಯಾನಿಸ್ ‘ಇನ್ನು ಕಬ್ಸ್ ಗೆಲ್ಲೋದಿಲ್ಲ’ ಎಂದು ಶಾಪ ಹಾಕಿದ ಎಂದು ಪ್ರತೀತಿ. ಮೂರು ಪಂದ್ಯ ಮುಗಿದಾಗ ಎರಡು ಗೆದ್ದು ಮುಂದಿದ್ದ ತಂಡ ಆ ದಿನ ಸೋತಿತು, ಸರಣಿಯನ್ನೂ ಸೋತಿತು. ಆಮೇಲೆ ಎಪ್ಪತ್ತು ವರ್ಷ ಆ ತಂಡ ಅಂತಿಮ ಸರಣಿಯ ಮುಖ ನೋಡಲಿಲ್ಲ.

ಕಾಕತಾಳೀಯ ಎನ್ನಿ, ಹೋತನ ಮಹಿಮೆ ಎನ್ನಿ. ಬಾರಿಗೆ ಅದು ಬಂಗಾರ. ತಂಡ ಸೋತಾಗಲೆಲ್ಲ ಪತ್ರಿಕೆಯವರಿಗೆ ಹೋತನ ಕಥೆ ಬೇಕು. ಹೋತನ ಕಥೆ ಬೇಕಾದರೆ ಬಾರಿಗೆ ಬರಬೇಕು. ಬಾರಿಗೆ ಬಂದ ಮೇಲೆ ಸುಮ್ಮನೆ ಕೂರಲಾಗುತ್ತದೆಯೇ? ಹೀಗೆ ಎರಡೂ ಕಡೆಯ ಬಂಡವಾಳ ಬೆಳೆಯಿತು.

ಅಂಕಣಕಾರನ ಮೂಲೆ

ಈ ಬಾರಿನ ಹೆಸರನ್ನು ಊರಾಚೆಗೆ ಒಯ್ದವನು ಮೈಕ್ ರಾಯ್ಕೊ. ‘ಡೈಲಿ ನ್ಯೂಸ್’ ಪತ್ರಿಕೆಯ ಅಂಕಣಕಾರ. ವಾರಕ್ಕೆ ಐದು ದಿನ ಅಂಕಣ. ವಾರಕ್ಕೊಂದು ಬರೆಯಲು ತಲೆ ಕೆರೆದುಕೊಳ್ಳುವವರು ಈ ಲೆಕ್ಕವನ್ನು ಎರಡು ಸಲ ಓದಬೇಕು. ಮೂರು ದಶಕಗಳಲ್ಲಿ ಅವನು ಬರೆದ ಅಂಕಣಗಳು ಏಳು ಸಾವಿರಕ್ಕೂ ಮೇಲೆ. 1972ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ಅವನಿಗೆ ಕಾಲೇಜಿನ ಡಿಗ್ರಿ ಇರಲಿಲ್ಲ. ಅವನಪ್ಪನೂ ಬಾರು ಇಟ್ಟವನೇ. ರಾಯ್ಕೊ ಬೆಳೆದದ್ದು ಬಾರಿನ ಮೇಲಿನ ಮನೆಯಲ್ಲಿ. ಕುಡಿದವನು ನಿಜ ಹೇಳುವುದು ಯಾವಾಗ, ಬಡಾಯಿ ಕೊಚ್ಚುವುದು ಯಾವಾಗ ಎಂಬ ವ್ಯತ್ಯಾಸ ಅವನು ಕಲಿತದ್ದು ಯಾವ ಪಾಠಶಾಲೆಯಲ್ಲೂ ಅಲ್ಲ.

ಅವನು ಬರೆದದ್ದು ಯಾರ ಬಗ್ಗೆ? ಊರಿನ ಮೇಯರ್ ರಿಚರ್ಡ್ ಡೇಲಿ ಎಂಬ ಗಟ್ಟಿ ಕುಳದ ಮೇಲೆ 1971ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅಂಕಣದಲ್ಲಿ ಕಾರ್ಪೊರೇಟರುಗಳ ಕಾರುಬಾರು, ಪೊಲೀಸರ ಕೈಬಿಸಿ, ಬಡಪಾಯಿಯನ್ನು ಕಚೇರಿಯಿಂದ ಕಚೇರಿಗೆ ಅಲೆಸುವ ಗುಮಾಸ್ತರು. ಸಂಜೆ ಅವನು ಎಲ್ಲಿ ಸಿಗುತ್ತಾನೆ ಅಂತ ಊರಿಗೇ ಗೊತ್ತಿತ್ತು. ಬರೆದವನು ಕೈಗೆ ಸಿಗುವ ಜಾಗ! ಪತ್ರಿಕಾ ಕಚೇರಿಗೆ ಹೋದರೆ ಬಾಗಿಲಲ್ಲಿ ಕಾವಲುಗಾರ ತಡೆಯುತ್ತಾನೆ. ಬಾರಿನ ಬಾಗಿಲಲ್ಲಿ ತಡೆಯುವವರು ಯಾರು? ಹೊಗಳುವವನೂ ಬರಬಹುದು, ‘ನೀನು ಬರೆದದ್ದು ಸುಳ್ಳು’ ಅನ್ನುವವನೂ ಬರಬಹುದು. ಮಾರನೆಯ ದಿನ ತಪ್ಪು ಬರೆದರೆ ಪಕ್ಕದ ಸ್ಟೂಲಿನ ಲಾರಿ ಡ್ರೈವರು ಬಿಡುತ್ತಾನೆಯೇ? ಇದು ಯಾವ ಪತ್ರಿಕೆಯ ಕಾಯಿದೆ ಪುಸ್ತಕದಲ್ಲೂ ಇಲ್ಲದ ಕಡಿವಾಣ.

ಕುಡಿತದ ಲೆಕ್ಕವನ್ನು ಮುಚ್ಚಿಡುವುದೂ ಸರಿಯಲ್ಲ. ಆ ಪೀಳಿಗೆಯ ಎಷ್ಟೋ ಒಳ್ಳೆಯ ಲೇಖನಿಗಳನ್ನು ಗ್ಲಾಸು ನುಂಗಿದ್ದು ಅಲ್ಲಿಯೂ ನಿಜ, ಇಲ್ಲಿಯೂ ನಿಜ. ರಾಯ್ಕೊ ಕೂಡ 1994ರಲ್ಲಿ ಕುಡಿದು ಕಾರು ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಮನೆಯಲ್ಲಿ ಕಾದು ಕೂತವರ ಅಂಕಣವನ್ನು ಯಾರೂ ಅಚ್ಚು ಹಾಕಿಲ್ಲ.

1970ರ ಅಕ್ಟೋಬರಿನಲ್ಲಿ ಸಿಯಾನಿಸ್ ತೀರಿಕೊಂಡ. ದಿನದಲ್ಲಿ ಬಾರು ಬಾಗಿಲು ಹಾಕಿರುವ ಐದೇ ಗಂಟೆ, ಆ ಹೊತ್ತಿನಲ್ಲೇ ಪ್ರಾಣ ಬಿಟ್ಟ, ಅದೂ ಅವನ ಸ್ವಭಾವಕ್ಕೆ ತಕ್ಕದ್ದೇ ಎಂಬ ಅರ್ಥದಲ್ಲಿ ರಾಯ್ಕೊ ಬರೆದ. ವ್ಯಾಪಾರಸ್ಥನಿಗೆ ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಬೇಕೇ? ಗ್ರೀಸ್‌ನಿಂದ ಬಂದು ಸೇರಿಕೊಂಡಿದ್ದ ಸೋದರನ ಮಗ ಸ್ಯಾಮ್ ಸಿಯಾನಿಸ್ ಅಂಗಡಿ ನೋಡಿಕೊಂಡ.

ಸಂಜೆ ಪತ್ರಿಕೆ ಸತ್ತ ಬಗೆ

ಮೂರರಲ್ಲಿ ಮೊದಲು ಮುಚ್ಚಿದ್ದು ‘ಡೈಲಿ ನ್ಯೂಸ್’. ಅದು ಸಂಜೆ ಪತ್ರಿಕೆ. ಸಂಜೆ ಪತ್ರಿಕೆಯ ಓದುಗರು ಇದನ್ನು ಸ್ವಲ್ಪ ನಿಧಾನವಾಗಿಯೇ ಓದಲಿ.

ಮಧ್ಯಾಹ್ನ ಅಚ್ಚಾಗಿ, ಕೆಲಸ ಮುಗಿಸಿ ಬಸ್ಸಿನಲ್ಲಿ ರೈಲಿನಲ್ಲಿ ಮನೆಗೆ ಹೋಗುವವರ ಕೈ ಸೇರುತ್ತಿದ್ದ ಪೇಪರು ಅದು. ನೂರು ವರ್ಷ ದಾಟಿತ್ತು. ಆದರೆ ಜನ ಊರಾಚೆಯ ಬಡಾವಣೆಗಳಿಗೆ ಹೋದರು, ಕಾರು ಕೊಂಡರು. ಸ್ಟಿಯರಿಂಗ್ ಹಿಡಿದವನು ಪೇಪರು ಓದುತ್ತಾನೆಯೇ? ಮನೆಗೆ ಹೋದರೆ ಟೆಲಿವಿಷನ್ನಿನಲ್ಲಿ ವಾರ್ತೆ. ಇತ್ತ ಪೇಪರು ತುಂಬಿದ ಲಾರಿ ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬಡಾವಣೆ ತಲುಪುವಾಗ ಸುದ್ದಿ ಹಳಸಿರುತ್ತಿತ್ತು. 1978ರ ಮಾರ್ಚ್ 4ರಂದು ಕಡೆಯ ಸಂಚಿಕೆ. ಬಸ್ಸು ತಪ್ಪಿದ್ದೇ ಪತ್ರಿಕೆಗೆ ಮುಳುವಾಯಿತು ನೋಡಿ.

ರಾಯ್ಕೊ ಅದೇ ಕಟ್ಟಡದ ‘ಸನ್-ಟೈಮ್ಸ್’ ಸೇರಿದ. 1984ರಲ್ಲಿ ಆ ಪತ್ರಿಕೆಯನ್ನು ರೂಪರ್ಟ್ ಮರ್ಡಾಕ್ ಕೊಂಡಾಗ, ಮಾನ ಇರುವ ಮೀನು ಕೂಡ ಮರ್ಡಾಕ್ ಪೇಪರಿನಲ್ಲಿ ಸುತ್ತಿಸಿಕೊಳ್ಳಲು ಒಪ್ಪದು ಎಂಬರ್ಥದ ಮಾತು ಹೇಳಿ ಎದುರಿನ ‘ಟ್ರಿಬ್ಯೂನ್’ಗೆ ಹೋದ. ಕಚೇರಿ ಮೂರಾಯಿತು, ಬಾರು ಒಂದೇ.

ಪತ್ರಿಕೆಯೇ ಬಾರು ತೆರೆದಾಗ

ಇದೇ ಕಾಲದ ಇನ್ನೊಂದು ಪ್ರಸಂಗವನ್ನು ಅಂಗಡಿ ಇಟ್ಟವರು ಓದಲೇಬೇಕು. ಚಿಕಾಗೋದ ಸಣ್ಣ ಅಂಗಡಿಯವರು, ಬಾರಿನವರು ಬಹಳ ವರ್ಷಗಳಿಂದ ಪತ್ರಿಕೆಯವರ ಕಿವಿಯಲ್ಲಿ ಒಂದೇ ದೂರು ಹೇಳುತ್ತಿದ್ದರು. ಕಟ್ಟಡ ಇನ್‌ಸ್ಪೆಕ್ಟರು ಬರುತ್ತಾನೆ, ಕೈಚಾಚುತ್ತಾನೆ. ಬೆಂಕಿ ಇಲಾಖೆಯವನು ಬರುತ್ತಾನೆ, ಅವನದೂ ಅದೇ ಹಾಡು. ‘ಹೆಸರು ಹಾಕಿ ಬರೆಯೋಣವೇ’ ಅಂದರೆ ‘ಅಯ್ಯೋ ಬೇಡ ಸ್ವಾಮಿ, ಅಂಗಡಿ ಮುಚ್ಚಿಸಿಬಿಡ್ತಾರೆ’. ಎಲ್ಲ ಊರಿನ ಅಂಗಡಿಯವನ ಬಾಯಲ್ಲೂ ಇದೇ ಮಾತು ತಾನೆ?

ಸಾಕ್ಷಿ ಹೇಳುವವರಿಲ್ಲ, ಬರೆಯುವುದು ಹೇಗೆ? ‘ಸನ್-ಟೈಮ್ಸ್’ನ ವರದಿಗಾರ್ತಿ ಪ್ಯಾಮೆಲಾ ಝೆಕ್ಮನ್ ಮತ್ತು ಒಳ್ಳೆಯ ಆಡಳಿತಕ್ಕಾಗಿ ಹೋರಾಡುತ್ತಿದ್ದ ಒಂದು ನಾಗರಿಕ ಸಂಘ ಸೇರಿ 1977ರಲ್ಲಿ ಒಂದು ಬಾರನ್ನೇ ಕೊಂಡರು! ಹೆಸರು ‘ಮಿರಾಜ್’, ಅಂದರೆ ಬಿಸಿಲ್ಗುದುರೆ. ಪತ್ರಿಕಾ ಕಚೇರಿಯಿಂದ ನಡೆದು ಹೋಗುವಷ್ಟೇ ದೂರ. ವರದಿಗಾರರೇ ಗ್ಲಾಸು ತೊಳೆದರು, ಬಿಯರು ಸುರಿದರು. ಶೌಚಾಲಯದ ಮೇಲಿನ ಸಂದಿಯಲ್ಲಿ ಛಾಯಾಗ್ರಾಹಕರು ಅಡಗಿ ಕೂತರು.

ಬಂದರು ನೋಡಿ ಒಬ್ಬೊಬ್ಬರಾಗಿ. ತಂತಿ ಜೋತುಬಿದ್ದಿದೆ, ಕೊಳವೆ ಸೋರುತ್ತಿದೆ, ನೆಲಮಾಳಿಗೆಯಲ್ಲಿ ಹುಳು. ಯಾವುದೂ ಕಣ್ಣಿಗೆ ಬೀಳಲಿಲ್ಲ. ಲಕೋಟೆ ಮಾತ್ರ ಬಿತ್ತು. ಮಾಮೂಲು ಹತ್ತು ಡಾಲರಿನಿಂದ ನೂರು ಡಾಲರಿನ ತನಕ. ಲೆಕ್ಕಪತ್ರದವನು ಬಂದು ಎರಡು ಪುಸ್ತಕ ಇಡುವುದು ಹೇಗೆ, ತೆರಿಗೆ ತಪ್ಪಿಸುವುದು ಹೇಗೆ ಅಂತ ಪಾಠ ಹೇಳಿಕೊಟ್ಟ, ಪಾಪ, ಪತ್ರಕರ್ತರಿಗೇ!

1978ರ ಜನವರಿಯಿಂದ 25 ಕಂತುಗಳಲ್ಲಿ ಎಲ್ಲವೂ ಅಚ್ಚಾಯಿತು. ಊರು ಬಾಯಿ ಬಾಯಿ ಬಿಟ್ಟಿತು. ಇನ್‌ಸ್ಪೆಕ್ಟರುಗಳ ಮೇಲೆ ಮೊಕದ್ದಮೆಗಳಾದವು. ಆದರೆ ಪುಲಿಟ್ಜರ್ ಬಹುಮಾನ ಮಾತ್ರ ಸಿಗಲಿಲ್ಲ. ವೇಷ ಹಾಕಿ, ಸುಳ್ಳು ಹೇಳಿ ಸುದ್ದಿ ತೆಗೆಯುವುದು ಸರಿಯೇ ಎಂದು ಬಹುಮಾನ ಮಂಡಲಿಯ ದೊಡ್ಡ ದೊಡ್ಡ ಸಂಪಾದಕರು ತಕರಾರೆತ್ತಿದರು. ಪ್ರಶ್ನೆ ಸಣ್ಣದಲ್ಲ. ವರದಿಗಾರ ವೇಷ ಹಾಕತೊಡಗಿದರೆ ಕೊನೆ ಎಲ್ಲಿ? ಆದರೆ ಹತ್ತು ಡಾಲರ್ ಕೊಟ್ಟು ಕೊಟ್ಟು ಸೋತ ಅಂಗಡಿಯವನನ್ನು ಕೇಳಿದ್ದರೆ ಬಹುಮಾನ ಯಾರಿಗೆ ಹೋಗುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಕೌಂಟರಿನ ಈಚೆ ಕೂತು ಕುಡಿದವರಿಗೆ ಇಷ್ಟು ವರ್ಷ ಕಾಣದ್ದು ಕೌಂಟರಿನ ಆಚೆ ನಿಂತಾಗ ಕಂಡಿತು. ಆ ದೂರು ಮೊದಲು ಕಿವಿಗೆ ಬಿದ್ದದ್ದಂತೂ ಊರಿನ ನಡುವೆ ಓಡಾಡಿಕೊಂಡಿದ್ದವರಿಗೇ.

ಉಂಡ ಮನೆಯ ಗಳ ಎಣಿಸಿದ

ದಿನಾ ಒಂದೇ ಬಾರಿನಲ್ಲಿ ಕೂತರೆ ಲೇಖನಿ ಮೊಂಡಾಗುವುದಿಲ್ಲವೇ, ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮಲ್ಲೂ ಪುಕ್ಕಟೆ ಪಾರ್ಟಿ ಉಂಡು ಬಂದು ಮಾರನೆಯ ದಿನ ಹೊಗಳಿ ಬರೆಯುವವರನ್ನು ಓದುಗರು ಕಂಡಿದ್ದಾರೆ.

ರಾಯ್ಕೊ ಇದಕ್ಕೆ ಕೊಟ್ಟ ಉತ್ತರ 1997ರ ಮಾರ್ಚ್ 21ರ ಅಂಕಣದಲ್ಲಿದೆ. ಅದೇ ಅವನ ಕಡೆಯ ಅಂಕಣ. ಅದರಲ್ಲಿ ಹೋತನ ಶಾಪದ ಕಥೆಯನ್ನೇ ಎತ್ತಿಕೊಂಡ. ಕಬ್ಸ್ ತಂಡ ಅಷ್ಟು ವರ್ಷ ಸೋತದ್ದಕ್ಕೆ ಹೋತ ಕಾರಣವಲ್ಲ, ಮಾಲೀಕ ರಿಗ್ಲಿ ಕಾರಣ ಎಂದ. 1947ರಲ್ಲಿ ಜಾಕಿ ರಾಬಿನ್ಸನ್ ಎಂಬ ಕರಿಯ ಆಟಗಾರ ಬೇರೊಂದು ತಂಡದಲ್ಲಿ ಇಳಿದು ಬಣ್ಣದ ಗೋಡೆ ಒಡೆದ. ಒಳ್ಳೊಳ್ಳೆಯ ಕರಿಯ ಆಟಗಾರರು ಸಿಗುತ್ತಿದ್ದರು. ಆದರೂ ಕಬ್ಸ್ ಮೊದಲ ಕರಿಯ ಆಟಗಾರನನ್ನು ಇಳಿಸಿದ್ದು 1953ರಲ್ಲಿ. ಆ ಹಿಂದೇಟು, ಆ ದಡ್ಡತನವೇ ಶಾಪ ಎಂದು ಬರೆದ.

ಮೂವತ್ತು ವರ್ಷ ತಾನು ಕೂತ ಬಾರು. ಆ ಬಾರಿಗೆ ಅನ್ನ ಹಾಕುತ್ತಿದ್ದ ಕಥೆ. ಆ ಕಥೆಯ ಬುಡಕ್ಕೇ ಕೊಡಲಿ! ಉಂಡ ಮನೆಯ ಗಳ ಎಣಿಸಬಾರದು ಅನ್ನುತ್ತದೆ ನಮ್ಮ ಗಾದೆ. ಪತ್ರಕರ್ತನಿಗೆ ಆ ಗಾದೆಯಿಂದ ಸ್ವಲ್ಪ ವಿನಾಯಿತಿ ಬೇಕಾಗುತ್ತದೆ. ಅಂಕಣ ಬಂದ ಮುಂದಿನ ತಿಂಗಳು, ಏಪ್ರಿಲ್ 29ರಂದು, 64ನೇ ವಯಸ್ಸಿನಲ್ಲಿ ರಾಯ್ಕೊ ತೀರಿಕೊಂಡ. ಬಾರಿನವರು ಅವನ ಅಂಕಣಗಳನ್ನು ಗೋಡೆಯಿಂದ ಕಿತ್ತು ಹಾಕಲಿಲ್ಲ. ಪತ್ರಕರ್ತರ ಹೆಸರುಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಂಟಿಸಿದ ಗೋಡೆ ಅಲ್ಲಿದೆ. ‘ಜಾಣರ ಮೂಲೆ’ ಎಂಬರ್ಥದ ಬೋರ್ಡೂ ಇದೆ.

ಕಬ್ಸ್ ಕೊನೆಗೂ ಗೆದ್ದದ್ದು 2016ರಲ್ಲಿ. 1908ರ ನಂತರ ಮೊದಲ ಸಲ. ಶಾಪ ಹೋಯಿತು ಅಂತ ಬಾರು ಸೊರಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಗಿರಾಕಿಯೇ ಬದಲಾಗಿದ್ದ.

ಚೀಸ್‌ಬೋರ್ಗರ್, ಚೀಸ್‌ಬೋರ್ಗರ್!

ಸ್ಯಾಮ್‌ಗೆ ಇಂಗ್ಲಿಷು ಗ್ರೀಕ್ ರಾಗದಲ್ಲಿ. ‘ಚೀಸ್‌ಬರ್ಗರ್’ ಅನ್ನುವುದು ಅವನ ಬಾಯಲ್ಲಿ ‘ಚೀಸ್‌ಬೋರ್ಗರ್’. ಕರಿದ ಆಲೂಗಡ್ಡೆ ಕೇಳಿದರೆ ‘ಅದಿಲ್ಲ, ಚಿಪ್ಸ್’ ಅನ್ನುವ ಗತ್ತು. ಪೆಪ್ಸಿ ಕೇಳಿದರೆ ಕೋಕ್. ನಮ್ಮ ದರ್ಶಿನಿಗಳಲ್ಲಿ ‘ಎರಡು ಖಾಲಿ, ಒಂದು ಮಸಾಲೆ’ ಅಂತ ಒಳಗೆ ಕೂಗುವ ಧಾಟಿ ಇದೆಯಲ್ಲ, ಹಾಗೆ. 1978ರಲ್ಲಿ ಜಾನ್ ಬೆಲೂಷಿ ಎಂಬ ಹಾಸ್ಯನಟ ದೇಶವೆಲ್ಲ ನೋಡುವ ಟೆಲಿವಿಷನ್ ಕಾರ್ಯಕ್ರಮದಲ್ಲಿ ಈ ಧಾಟಿಯನ್ನು ಅಣಕಿಸಿದ. ಅಣಕವೇ ಬಾರಿನ ಪಾಲಿಗೆ ಜಾಹೀರಾತಾಯಿತು. ಪ್ರವಾಸಿಗಳು ಹುಡುಕಿಕೊಂಡು ಮೆಟ್ಟಿಲು ಇಳಿಯತೊಡಗಿದರು. ಮುಂದೆ ಶಾಖೆಗಳಾದವು. ವಾಷಿಂಗ್ಟನ್ನಿನಲ್ಲೂ ಒಂದು ತೆರೆಯಿತು.

ಇತ್ತ ಪತ್ರಿಕೆಗಳ ಕಥೆ? ‘ಟ್ರಿಬ್ಯೂನ್’ ತನ್ನ ಮುದ್ರಣ ಯಂತ್ರಗಳನ್ನು 1980ರ ದಶಕದ ಆರಂಭದಲ್ಲೇ ಗೋಪುರದಿಂದ ಬೇರೆ ಕಡೆಗೆ ಸಾಗಿಸಿತ್ತು. ಮೆಷಿನ್‌ಮನ್‌ಗಳು, ಲಾರಿ ಡ್ರೈವರುಗಳು ಆಗಲೇ ಹೋದರು. ‘ಸನ್-ಟೈಮ್ಸ್’ ಕಟ್ಟಡವನ್ನು 2004ರ ಸುಮಾರಿಗೆ ಬಿಟ್ಟರು. ಅದನ್ನು ಕೆಡವಿ ಡೊನಾಲ್ಡ್ ಟ್ರಂಪ್ ಹೆಸರಿನ ಗಗನಚುಂಬಿ ಎದ್ದಿತು, 2009ರಲ್ಲಿ ಪೂರ್ಣವಾಯಿತು. ಯಂತ್ರ ಓಡುವುದನ್ನು ಜನ ನಿಂತು ನೋಡುತ್ತಿದ್ದ ಜಾಗದಲ್ಲಿ ಹೋಟೆಲ್ಲು, ಫ್ಲಾಟು. ‘ಟ್ರಿಬ್ಯೂನ್’ ವರದಿಗಾರರು 2018ರಲ್ಲಿ ಗೋಪುರ ಬಿಟ್ಟರು. ಅದೂ ಫ್ಲಾಟಾಯಿತು. ಬಾರಿನ ತಲೆಯ ಮೇಲೆ ಕೂತವರು ನಿವೇಶನ ದಲ್ಲಾಳಿಗಳು ಎಂದೆವಲ್ಲ, ಎರಡೂ ಪಕ್ಕಕ್ಕೂ ಅವರದೇ ರಾಜ್ಯ ಈಗ.

‘ಟ್ರಿಬ್ಯೂನ್’ ಕಂಪನಿಯನ್ನು 2021ರಲ್ಲಿ ಆಲ್ಡನ್ ಎಂಬ ಹಣಕಾಸು ಸಂಸ್ಥೆ ಕೊಂಡಿತು. ಕೊಂಡ ಕೂಡಲೇ ‘ಇಷ್ಟು ಹಣ ತಗೊಂಡು ಕೆಲಸ ಬಿಡಿ’ ಎಂಬ ಆಹ್ವಾನ. ಹೆಸರಾಂತ ಅಂಕಣಕಾರರು ಒಬ್ಬರ ಹಿಂದೆ ಒಬ್ಬರು ಹೋದರು. ‘ಸನ್-ಟೈಮ್ಸ್’ 2022ರಲ್ಲಿ ಊರಿನ ಸಾರ್ವಜನಿಕ ರೇಡಿಯೋ ಸಂಸ್ಥೆಯ ತೆಕ್ಕೆಗೆ ಹೋಗಿ ಜೀವ ಹಿಡಿದುಕೊಂಡಿತು. ಅಲ್ಲೂ 2025ರ ಮಾರ್ಚ್‌ನಲ್ಲಿ ಸಿಬ್ಬಂದಿಯ ಸುಮಾರು ಐದರಲ್ಲೊಂದು ಪಾಲು ಹಣ ತೆಗೆದುಕೊಂಡು ಹೊರಬಿತ್ತು.

ಹತ್ತು ಪುಸ್ತಕ

ಅದಾಗಿ ಎರಡೇ ತಿಂಗಳು. 2025ರ ಮೇ 18ರ ‘ಸನ್-ಟೈಮ್ಸ್’ ಜೊತೆ ಬೇಸಿಗೆಯ ವಿಶೇಷ ಪುರವಣಿಯೊಂದು ಬಂತು. ರಜೆಯಲ್ಲಿ ಓದಬಹುದಾದ 15 ಪುಸ್ತಕಗಳ ಪಟ್ಟಿ ಅದರಲ್ಲಿತ್ತು. ಲೇಖಕರೆಲ್ಲ ನಿಜವಾದವರು, ಹೆಸರಾಂತರು. ಪುಸ್ತಕಗಳಲ್ಲಿ ಹತ್ತು ಇಲ್ಲವೇ ಇಲ್ಲ! ಯಾರೂ ಬರೆದಿಲ್ಲ, ಯಾರೂ ಅಚ್ಚು ಹಾಕಿಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರ ಕಟ್ಟಿಕೊಟ್ಟದ್ದನ್ನು ಬರೆಯುವವನು ಪರೀಕ್ಷಿಸಲಿಲ್ಲ, ಮುಂದಿನವರೂ ನೋಡಲಿಲ್ಲ. ಪುರವಣಿ ತಯಾರಾದದ್ದು ತಮ್ಮ ಸುದ್ದಿಮನೆಯಲ್ಲಲ್ಲ, ಹೊರಗಿನ ಕಂಪನಿಯಿಂದ ಕೊಂಡದ್ದು ಎಂದು ಪತ್ರಿಕೆ ಹೇಳಿತು. ನಿಜವೇ. ಇಲ್ಲದ ಪುಸ್ತಕ ಕೇಳಿಕೊಂಡು ಅಂಗಡಿಗೆ ಹೋದ ಓದುಗನಿಗೆ ಆ ಉತ್ತರದಿಂದ ಏನಾಗಬೇಕು? ಸರಕು ಹೊರಗಿನದು, ಬೋರ್ಡು ನಮ್ಮದು ಎಂದು ಕಿರಾಣಿ ಅಂಗಡಿಯವನು ಹೇಳಿದರೆ ಗಿರಾಕಿ ಬಿಡುತ್ತಾನೆಯೇ?

ಬಾರಿನಲ್ಲಿ ಕೂತಿದ್ದರೆ ಇಂಥ ತಪ್ಪು ಆಗುತ್ತಿರಲಿಲ್ಲ ಎಂದು ಯಾರೂ ಆಣೆ ಮಾಡಲಾರರು. ಹಳೆಯ ಕಾಲದ ಪೇಪರುಗಳೂ ಬೇಕಾದಷ್ಟು ಸುಳ್ಳು ಬರೆದಿವೆ. ಸಾಕಿದ ಹೋತನ ಶಾಪವನ್ನು ಎಪ್ಪತ್ತು ವರ್ಷ ಬೆಳೆಸಿದ್ದೂ ಪತ್ರಿಕೆಯವರೇ ತಾನೆ? ಆದರೆ ಆಗ ಸುಳ್ಳು ಬರೆದವನಿಗೆ ಒಂದು ಮುಖವಿತ್ತು. ಆರು ಗಂಟೆಯ ಮೇಲೆ ಅದು ಯಾವ ಸ್ಟೂಲಿನ ಮೇಲೆ ಸಿಗುತ್ತದೆ ಅಂತ ಓದುಗನಿಗೆ ಗೊತ್ತಿತ್ತು. ಹತ್ತು ಪುಸ್ತಕ ಹುಟ್ಟಿಸಿದ ಯಂತ್ರವನ್ನು ಯಾವ ಬಾರಿನಲ್ಲಿ ಹಿಡಿದು ಕೇಳುವುದು?

‘ಟ್ರಿಬ್ಯೂನ್’ ತನ್ನ ಮುದ್ರಣ ಯಂತ್ರಗಳನ್ನು ಸಾಗಿಸಿತ್ತಲ್ಲ, ಆ ಹೊಸ ಅಚ್ಚಿನ ಮನೆಯ ಹೆಸರು ‘ಫ್ರೀಡಂ ಸೆಂಟರ್’. ಸ್ವಾತಂತ್ರ್ಯ ಕೇಂದ್ರ. ಕೊನೆಕೊನೆಗೆ ವರದಿಗಾರರನ್ನೂ ಅಲ್ಲಿಗೇ ತಂದು ಕೂರಿಸಿದ್ದರು. 2024ರ ಮೇನಲ್ಲಿ ಅಲ್ಲಿ ಯಂತ್ರಗಳು ನಿಂತವು, ಅಚ್ಚಿನ ಕೆಲಸ ಊರಾಚೆಗೆ ಹೋಯಿತು. ಕಟ್ಟಡ ಕೆಡವಿ ಜಾಗವನ್ನು ಬಿಟ್ಟುಕೊಟ್ಟದ್ದು ಒಂದು ದೊಡ್ಡ ಜೂಜುಕಟ್ಟೆಗೆ. ಜೂಜುಕಟ್ಟೆ ಎಂದ ಮೇಲೆ ಅಲ್ಲಿ ಬಾರೂ ಇರುತ್ತದೆ, ಬೇಕಾದಷ್ಟು. ಬೆಳಗಿನ ಪಾಳಿ ಮುಗಿಸಿ ಮಷಿ ಕೈಯಲ್ಲಿ ಬಂದು ಕೂರುವವರು ಮಾತ್ರ ಇರುವುದಿಲ್ಲ.